ಶಿಗ್ಲಿಯ ರಾಮಪ್ಪ, ಶಿರಸಂಗಿಯ ಲಿಂಗರಾಜ

ನಮ್ಮ ಅಸುಂಡಿಯ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ನಾನು ಈ ಶಾಲೆಯ ಮೊದಲ ತಂಡಗಳಲ್ಲಿ ಓದಿ ಹೋದವನು. ಮುಂದೆ ಬೇರೆ ಬೇರೆ ತಾಲೂಕಿನ ಪ್ರೌಢಶಾಲೆಗಳಲ್ಲಿ ಮೂರೂವರೆ ದಶಕ ಪಾಠ ಹೇಳಿ ನಿವೃತ್ತನಾದವನು. ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಬಹಳ ಜನರಿದ್ದಾರೆ. ಆದ್ದರಿಂದ ನಾನು ನಮ್ಮ ಶಾಲೆಯನ್ನು ಎಂದೂ ಕಾಣದ, ಈ ಶಾಲೆ ಹುಟ್ಟುವ ಎಷ್ಟೋ ದಶಕಗಳ ಮೊದಲೇ ಕಣ್ಮುಚ್ಚಿದ ಒಬ್ಬ ದೊಡ್ಡ ವ್ಯಕ್ತಿಯ ಬಗ್ಗೆ ಬರೆಯಬೇಕೆಂದುಕೊಂಡೆ. ಅವರು ನನಗೆ ಒಂದು ಪೈಸೆ ಕೊಟ್ಟವರಲ್ಲ. ಆದರೂ ನಾನು ಬಿ.ಎಡ್. ಓದಿ ಮಾಸ್ತರನಾದದ್ದು ಅವರಿಂದಲೇ ಎಂದು ಇಂದಿಗೂ ನಂಬಿದ್ದೇನೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಅವರೇ ತ್ಯಾಗವೀರ ಶಿರಸಂಗಿ ಲಿಂಗರಾಜರು.

ಶಿರಸಂಗಿ ಎಂದ ಕೂಡಲೇ ನಮ್ಮ ಮಕ್ಕಳು ಅವರನ್ನು ಬೆಳಗಾವಿ ಕಡೆಯವರೆಂದು ತಿಳಿಯುತ್ತಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಕೇಳಿದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಅವರು ಹುಟ್ಟಿದ್ದು ನಮ್ಮದೇ ಗದಗ ಜಿಲ್ಲೆಯಲ್ಲಿ. ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿ ಅವರ ತವರು. ಮಗ್ಗದ ಸಪ್ಪಳ ಕೇಳುವ, ನೇಕಾರರೂ ಒಕ್ಕಲಿಗರೂ ಕೂಡಿ ಬಾಳುವ ಊರು. ಅಲ್ಲಿಯ ಮಡ್ಲಿ ಮನೆತನದಲ್ಲಿ 1861ರ ಜನವರಿ 10ರಂದು ಹುಟ್ಟಿದ ಆ ಮಗುವಿಗೆ ಮನೆಯವರು ಇಟ್ಟ ಹೆಸರು ರಾಮಪ್ಪ. ನಮ್ಮ ಊರಿನಿಂದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಶಿಗ್ಲಿ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಆದರೂ ನಾನು ಎಸ್.ಎಸ್.ಎಲ್.ಸಿ. ಮುಗಿಸುವವರೆಗೆ ಈ ಸಂಗತಿ ನನಗೆ ತಿಳಿದಿರಲಿಲ್ಲ. ನಮ್ಮ ಮಕ್ಕಳಿಗೆ ಹಾಗಾಗಬಾರದು.

ಆ ಕಾಲದಲ್ಲಿ ನಮ್ಮ ಈ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ನಡುನಡುವೆ ದೇಸಾಯರ, ಇನಾಮದಾರರ ಹಳ್ಳಿಗಳು. ದೇಸಾಯಿ ಎಂದರೆ ಹಿಂದಿನ ಅರಸರ ಕಾಲದಿಂದ ಒಂದು ಸೀಮೆಯ ಕಂದಾಯ ವಸೂಲಿಯ ಹೊಣೆ ಹೊತ್ತು, ಅದಕ್ಕೆ ಪ್ರತಿಯಾಗಿ ವತನಿನ ಭೂಮಿ ಅನುಭವಿಸುತ್ತ ಬಂದ ಮನೆತನ. ಶಿರಸಂಗಿ ಮತ್ತು ನವಲಗುಂದ ಎರಡೂ ಕಡೆ ಆಸ್ತಿಯಿದ್ದ ಶಿರಸಂಗಿ ದೇಸಗತಿ ಅಂಥ ಮನೆತನಗಳಲ್ಲಿ ಹೆಸರಾದದ್ದು. ಸವದತ್ತಿ ಸೀಮೆಯ ಶಿರಸಂಗಿ ಕಾಳಿಕಾದೇವಿಯ ಕ್ಷೇತ್ರ. ನವಲಗುಂದವಂತೂ ಎರೆಭೂಮಿಯ ನಾಡು. ಹತ್ತಿ, ಜೋಳ, ಕಡಲೆ ಬೆಳೆಯುವ, ಜಮಖಾನಕ್ಕೆ ಹೆಸರಾದ, ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ಬಾಯಿ ಬಿಡುವ ಸೀಮೆ.

ಶಿರಸಂಗಿಯ ಜಯಪ್ಪ ದೇಸಾಯರ ಮನೆತನಕ್ಕೆ ಶಿಗ್ಲಿಯ ಈ ಹುಡುಗ ದತ್ತು ಹೋದ. ರಾಮಪ್ಪನೆಂಬ ಹೆಸರು ಅಳಿದು ಲಿಂಗರಾಜ ಎಂಬ ಹೆಸರು ಬಂತು. ನಾವು ಇದನ್ನು ಒಂದೇ ಸಾಲಿನಲ್ಲಿ ಓದಿಬಿಡುತ್ತೇವೆ. ಆದರೆ ದತ್ತು ಎನ್ನುವ ಶಬ್ದಕ್ಕೆ ಆಗ ನಮ್ಮ ಭಾಗದಲ್ಲಿ ಎಂಥ ಭಾರವಿತ್ತೆಂಬುದನ್ನು ತಿಳಿದರೆ ಮಾತ್ರ ಅವರ ಜೀವನದ ಕೊನೆಯ ನಿರ್ಧಾರ ಅರ್ಥವಾಗುತ್ತದೆ. 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮ ಇಂಗ್ಲಿಷರ ಮೇಲೆ ಕತ್ತಿ ಹಿರಿಯಲು ದತ್ತಕದ ಪ್ರಶ್ನೆಯೇ ಕಾರಣವಾಯಿತು. ನಮ್ಮ ಜಿಲ್ಲೆಯ ನರಗುಂದದ ಬಾಬಾಸಾಹೇಬರಿಗೂ ದತ್ತು ತೆಗೆದುಕೊಳ್ಳಲು ಸರ್ಕಾರ ಒಪ್ಪಿಗೆ ಕೊಡಲಿಲ್ಲ. 1858ರಲ್ಲಿ ನರಗುಂದ ಬಂಡೆದ್ದಿತು, ಅದೇ ಕಾಲಕ್ಕೆ ಮುಂಡರಗಿಯ ಭೀಮರಾಯರೂ ಎದ್ದರು. ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದರು. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ನಡೆದ ಮೂರನೆಯ ವರ್ಷಕ್ಕೆ ಲಿಂಗರಾಜರು ಹುಟ್ಟಿದರು. ನವಲಗುಂದದಿಂದ ನರಗುಂದದ ಗುಡ್ಡ ದೂರವಲ್ಲ. ವಾರಸುದಾರನಿಲ್ಲದ ಮನೆತನ ಹೇಗೆ ಮಣ್ಣುಗೂಡುತ್ತದೆ ಎಂಬ ಕಥೆಯನ್ನು ಆ ವಾಡೆಯಲ್ಲಿ ಬೆಳೆಯುವ ಹುಡುಗ ಕೇಳದೆ ಇರಲಾರ. ವಂಶ ಉಳಿಯಲಿ, ಆಸ್ತಿ ಉಳಿಯಲಿ ಎಂದು ಅವರನ್ನು ತಂದಿದ್ದರು. ಅವರ ಮೇಲೆ ಇದ್ದ ನಿರೀಕ್ಷೆ ಅದೊಂದೇ.

ಅವರ ಹರೆಯದಲ್ಲಿಯೇ ದೊಡ್ಡ ಬರ ಬಂತು. 1876ರಿಂದ 1878ರವರೆಗಿನ ಆ ಬರಗಾಲ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಿಂಡಿಹಾಕಿತು. ಹಗೇವುಗಳು ಬರಿದಾದವು, ದನಕರುಗಳು ಸತ್ತವು, ಜನ ಊರು ಬಿಟ್ಟು ಹೋದರು. ಹದಿನೈದು ಹದಿನಾರರ ವಯಸ್ಸಿನಲ್ಲಿ ಇದನ್ನು ಕಂಡವರು ಅವರು. ಮುಂದೆ ಶತಮಾನದ ಕೊನೆಗೆ ಮತ್ತೆ ಪ್ಲೇಗು ಬಂತು, ಮತ್ತೆ ಬರ ಬಂತು. ಬೆಳೆದು ದೇಸಗತಿಯ ಹೊಣೆ ಹೊತ್ತ ಮೇಲೆ ಅವರ ಕಣ್ಣ ಮುಂದೆ ಇದ್ದದ್ದು ಈ ರೈತಾಪಿ ಜನವೇ. ಮಣ್ಣನ್ನು ನಂಬಿದವನಿಗೆ ಒಂದು ವರ್ಷ ಮಳೆಯಾಗದಿದ್ದರೆ ಮುಗಿಯಿತು. ಮನೆಯಲ್ಲಿ ಒಬ್ಬನಾದರೂ ನಾಲ್ಕು ಅಕ್ಷರ ಕಲಿತು ಪಗಾರದ ನೌಕರಿ ಹಿಡಿದಿದ್ದರೆ ಆ ಮನೆ ನಿಲ್ಲುತ್ತದೆ. ಈ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತೆಂದು ಅವರು ಮುಂದೆ ಮಾಡಿದ ಕೆಲಸ ನೋಡಿದರೆ ಅನಿಸುತ್ತದೆ.

ಆಗ ನಮ್ಮ ಭಾಗದ ಶಿಕ್ಷಣದ ಸ್ಥಿತಿ ಹೇಗಿತ್ತು? ಕನ್ನಡ ಸಾಲಿಗಳು ಅಲ್ಲಲ್ಲಿ ಇದ್ದವು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಳ್ಳಿ ಹಳ್ಳಿ ತಿರುಗಿ, ಕನ್ನಡ ಸಾಲಿ ತೆಗೆಸಿ, ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರು ಮಾಡಿದ್ದರು. ಮುಲ್ಕಿ ಪರೀಕ್ಷೆ ಪಾಸಾದರೆ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಗುತ್ತಿತ್ತು. ಆದರೆ ಪದವಿ ಬೇಕೆಂದರೆ ಪುಣೆ, ಇಲ್ಲವೆ ಮುಂಬಯಿ. ಇಡೀ ಮುಂಬಯಿ ಕರ್ನಾಟಕಕ್ಕೆ ಧಾರವಾಡದ ಕರ್ನಾಟಕ ಕಾಲೇಜು ದೊರೆತದ್ದು 1917ರಲ್ಲಿ. ಅಲ್ಲಿಯವರೆಗೆ ಹಳ್ಳಿಯ ಹುಡುಗನೊಬ್ಬ ಬಿ.ಎ. ಆಗಬೇಕಾದರೆ ರೈಲು ಹತ್ತಿ ಪರಭಾಷೆಯ ಊರಿಗೆ ಹೋಗಬೇಕು, ಖಾನಾವಳಿಗೆ ದುಡ್ಡು ಕಟ್ಟಬೇಕು, ಕೋಣೆಗೆ ಬಾಡಿಗೆ ಕೊಡಬೇಕು. ಹೈಸ್ಕೂಲು ಮಾಸ್ತರರಿಗಾಗಿ ಸರ್ಕಾರ ತೆರೆದ ಟ್ರೇನಿಂಗ್ ಕಾಲೇಜೂ ಮುಂಬಯಿಯಲ್ಲಿಯೇ ಇತ್ತು. ಅದು ಶುರುವಾದದ್ದು 1906ರಲ್ಲಿ. ಪದವಿ ಮುಗಿಸಿದವನು ಮತ್ತೆ ಒಂದು ವರ್ಷ ದುಡಿಮೆಯಿಲ್ಲದೆ ಕುಳಿತು ಅಲ್ಲಿ ಓದುವುದೆಂದರೆ ಸಾಮಾನ್ಯರ ಮನೆಯಿಂದ ಆಗುವ ಮಾತಲ್ಲ. ಬುದ್ಧಿ ಇದ್ದವರಿಗೆ ನಮ್ಮಲ್ಲಿ ಬರವಿರಲಿಲ್ಲ, ಖರ್ಚು ಮಾಡುವವರಿಗೆ ಬರವಿತ್ತು.

ಈ ಕೊರತೆಯನ್ನು ಕಂಡ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಗಾಗಿ ಒಂದು ನಿಧಿ ಕೂಡಿಸಿದರು. ಓದುವ ಹುಡುಗರಿಗೆ ನೆರವು ಕೊಡುವುದು ಅದರ ಉದ್ದೇಶ. ಲಿಂಗರಾಜರಿಗೆ ಆಗ ಇಪ್ಪತ್ತೆರಡರ ಪ್ರಾಯ. ಸಮಾಜದಲ್ಲಿ ಶಿಕ್ಷಣದ ಗಾಳಿ ಬೀಸತೊಡಗಿದ ಆ ಕಾಲದಲ್ಲಿಯೇ ಅವರು ಬೆಳೆದು ಮುಂದಾಳುವಾದರು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರಯತ್ನದಿಂದ ವೀರಶೈವ ಮಹಾಸಭೆ ಹುಟ್ಟಿ, ಅದರ ಮೊದಲ ಅಧಿವೇಶನ ಧಾರವಾಡದಲ್ಲಿ ಸೇರಿದಾಗ ಅಧ್ಯಕ್ಷರಾದವರು ಶಿರಸಂಗಿ ಲಿಂಗರಾಜರು. ಕುಮಾರ ಸ್ವಾಮಿಗಳು ಸನ್ಯಾಸಿಗಳು, ಲಿಂಗರಾಜರು ದೇಸಾಯರು. ಒಬ್ಬರ ಜೋಳಿಗೆಯಲ್ಲಿ ಏನೂ ಇಲ್ಲ, ಇನ್ನೊಬ್ಬರ ವಾಡೆಯಲ್ಲಿ ಎಲ್ಲ ಇದೆ. ಇಬ್ಬರೂ ಒಂದೇ ವೇದಿಕೆಯ ಮೇಲೆ ಕುಳಿತದ್ದು ಮಕ್ಕಳು ಓದಬೇಕೆಂಬ ಚಿಂತೆಯಿಂದ.

ಅಧ್ಯಕ್ಷರಾಗುವುದು, ಹಾರ ಹಾಕಿಸಿಕೊಳ್ಳುವುದು, ದೇಣಿಗೆ ಸಾರುವುದು ಶ್ರೀಮಂತರಿಗೆ ಕಷ್ಟದ ಕೆಲಸವಲ್ಲ. ಲಿಂಗರಾಜರು ಅಷ್ಟಕ್ಕೆ ನಿಲ್ಲಲಿಲ್ಲ. ತಾವು ದತ್ತಕ ಬಂದು ಪಡೆದ ಆಸ್ತಿಯನ್ನೆಲ್ಲ ವಿದ್ಯಾರ್ಥಿಗಳ ಓದಿಗಾಗಿ ಬಿಟ್ಟು ಮರಣಪತ್ರ ಬರೆದರು. 1906ರ ಆಗಸ್ಟ್ 23ರಂದು ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ಆಸ್ತಿ ಉಳಿಸಲೆಂದೇ ಮನೆಗೆ ತಂದ ಮಗ ಆ ಆಸ್ತಿಯನ್ನು ತಾನೆಂದೂ ಕಾಣದ, ಹೆಸರೂ ಗೊತ್ತಿಲ್ಲದ ಹುಡುಗರ ಕೈಗೆ ಇಟ್ಟು ಹೋದ. ಯಾವ ಪ್ರಶ್ನೆಗಾಗಿ ಕಿತ್ತೂರು, ನರಗುಂದಗಳಲ್ಲಿ ರಕ್ತ ಹರಿಯಿತೋ, ನಮ್ಮ ನಂತರ ಯಾರು ಎಂಬ ಆ ಪ್ರಶ್ನೆಗೆ ಅವರು ಬೇರೆಯೇ ಉತ್ತರ ಬರೆದಿಟ್ಟರು. ನಾಡು ಅವರನ್ನು ತ್ಯಾಗವೀರ ಎಂದು ಕರೆದದ್ದು ಸುಮ್ಮನೆ ಅಲ್ಲ.

ಅವರು ಆರಿಸಿಕೊಂಡ ದಾರಿಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಅವರು ಹಣವನ್ನು ಒಮ್ಮೆಗೇ ಹಂಚಿ ಹೋಗಲಿಲ್ಲ. ಆಸ್ತಿ ಹಾಗೆಯೇ ಉಳಿದು, ಅದರ ಉತ್ಪನ್ನದಿಂದ ವರ್ಷ ವರ್ಷವೂ ಮಕ್ಕಳಿಗೆ ನೆರವು ಸಿಗುವ ಹಾಗೆ ಒಂದು ಟ್ರಸ್ಟಿಗೆ ಒಪ್ಪಿಸಿದರು. ಆ ನೆರವಿನಲ್ಲಿ ಬಹುಪಾಲು ಸಾಲದ ರೂಪದ್ದು. ಓದುವಾಗ ತೆಗೆದುಕೋ, ನೌಕರಿ ಸಿಕ್ಕ ಮೇಲೆ ತಿರುಗಿ ಕೊಡು, ನೀನು ಕೊಟ್ಟದ್ದರಿಂದ ಮತ್ತೊಬ್ಬ ಓದಲಿ ಎಂಬ ಏರ್ಪಾಡು. ದಾನ ಪಡೆದವನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಸಾಲ ತೀರಿಸಿದವನು ತಲೆಯೆತ್ತಿ ನಡೆಯುತ್ತಾನೆ. ಹೀಗೆ ಆ ಹಣದಿಂದ ಎಷ್ಟೋ ಜನ ಒಕ್ಕಲು ಮಕ್ಕಳು ಪದವೀಧರರಾದರು, ವಕೀಲರಾದರು, ಮಾಸ್ತರರಾದರು, ಕೆಲವರು ಕಡಲು ದಾಟಿ ಹೋಗಿ ಓದಿ ಬಂದರು.

ಲಿಂಗರಾಜರು ತೀರಿಕೊಂಡ 1906ರಲ್ಲಿಯೇ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1910ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರ ಮುಂದಾಳುತನದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಬಂತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಗಿಲಗಂಚಿ ಅರಟಾಳ ಶಾಲೆಯೊಂದಿಗೆ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿ ಆರಂಭವಾಯಿತು. ಈ ಸೊಸಾಯಿಟಿಯನ್ನು ಕಟ್ಟಿದ ಏಳು ಜನರನ್ನು ಸಪ್ತರ್ಷಿಗಳೆಂದು ಈಗಲೂ ಕರೆಯುತ್ತಾರೆ. ಅವರಾರೂ ಅರಸರಲ್ಲ. ಓದಿ ಪದವಿ ಪಡೆದ ಹರೆಯದ ಶಿಕ್ಷಕರು. ಹೆಚ್ಚು ಪಗಾರದ ಬೇರೆ ದಾರಿ ಹಿಡಿಯಬಹುದಾಗಿದ್ದವರು ಶಾಲೆ ಕಟ್ಟಲು ನಿಂತರು. 1933ರಲ್ಲಿ ಆ ಸಂಸ್ಥೆ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟರು. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ಹುಡುಗರು ಪದವಿಗಾಗಿ ಪುಣೆಯ ರೈಲು ಹತ್ತುವ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಶಿಗ್ಲಿಯಿಂದ ಹೊರಟ ಹುಡುಗ ಒಂದು ಕಾಲೇಜಿನ ಹೆಸರಾಗಿ ನಿಂತ.

ಇನ್ನು ನನ್ನ ಮಾತಿಗೆ ಬರುತ್ತೇನೆ. 1984ರಲ್ಲಿ ನಾನು ಗದಗಿನಲ್ಲಿ ಬಿ.ಎ. ಮುಗಿಸಿದೆ. ಅಪ್ಪ ಗದಗ ಪ್ಯಾಟಿಯ ಅಡತಿ ಅಂಗಡಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತಿ ಸುಗ್ಗಿ ಇದ್ದಾಗ ಕೈತುಂಬ ಕೆಲಸ, ಇಲ್ಲದಾಗ ಖಾಲಿ. ಊರಲ್ಲಿ ಎರಡು ಎಕರೆ ಹೊಲ. ಬಿ.ಎ. ವರೆಗೆ ಮನೆಯಿಂದಲೇ ರೊಟ್ಟಿ ಕಟ್ಟಿಕೊಂಡು ಹೋಗಿ ಬಂದು ಓದಿದ್ದೆ. ಬಿ.ಎಡ್.ಗೆ ಸೀಟು ಸಿಕ್ಕಿದ್ದು ದೂರದ ಊರಿನಲ್ಲಿ. ಫೀ, ಊಟ, ಕೋಣೆ, ಪಾಠದ ಚಾರ್ಟು, ಪುಸ್ತಕ ಎಲ್ಲ ಸೇರಿ ಲೆಕ್ಕ ಹಾಕಿದರೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಹೊಲ ಒತ್ತಿ ಹಾಕೋಣ ಎಂದ ಅಪ್ಪ. ಆ ಹೊಲದ ಮೇಲೆ ಅಕ್ಕನ ಮದುವೆಯ ಭರವಸೆ ಇತ್ತು. ಅವ್ವ ಏನೂ ಅನ್ನಲಿಲ್ಲ, ಅಕ್ಕ ಒಳಗೆ ಎದ್ದು ಹೋದಳು. ನಾನು ಸೀಟು ಬಿಟ್ಟು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಬೇಕೆಂದು ನಿರ್ಧಾರ ಮಾಡಿಬಿಟ್ಟೆ.

ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಒಬ್ಬ ಹಿರಿಯ ಸರ್ ಆಗ ನಿವೃತ್ತಿಗೆ ಹತ್ತಿರವಾಗಿದ್ದರು. ಒಂದು ಪ್ರಮಾಣಪತ್ರದ ಕೆಲಸಕ್ಕೆ ಅವರ ಮನೆಗೆ ಹೋದಾಗ ಬಿ.ಎಡ್. ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನನಗೆ ಮೊದಲ ಸಲ ಶಿರಸಂಗಿ ಲಿಂಗರಾಜರ ಕಥೆ ಹೇಳಿದರು. ಶಿಗ್ಲಿಯ ರಾಮಪ್ಪನ ಕಥೆ ನಾನು ಕೇಳಿದ್ದು ಅಂದು, ಅವರ ಮನೆಯ ಕಟ್ಟೆಯ ಮೇಲೆ. ಅವರು ಶಿಕ್ಷಕರ ತರಬೇತಿಯ ಪದವಿ ಪಡೆದದ್ದು ಆ ಟ್ರಸ್ಟಿನ ಸಾಲದಿಂದ. ನೌಕರಿ ಸೇರಿದ ಮೇಲೆ ಕಂತು ಕಂತಾಗಿ ತೀರಿಸಿದ್ದರು. ಆ ನಿಧಿ ಲಿಂಗಾಯತ ಸಮಾಜದ ಮಕ್ಕಳಿಗಾಗಿ ಇಟ್ಟದ್ದು, ನಮ್ಮದು ಬೇರೆ ಸಮಾಜ ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಹಾಗಾದರೆ ಈ ಕಥೆ ನನಗೆ ಯಾಕೆ ಹೇಳಿದರು ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಅವರು ಒಳಗೆ ಹೋಗಿ ಬಂದು, ಮರುದಿನ ಬ್ಯಾಂಕಿಗೆ ತಮ್ಮ ಜೊತೆ ಬರಬೇಕೆಂದರು. 1800 ರೂಪಾಯಿ ತೆಗೆದು ನನ್ನ ಕೈಗಿತ್ತರು. ಬಡ್ಡಿ ಬೇಡ, ನೌಕರಿ ಸಿಕ್ಕ ಮೇಲೆ ತಿಂಗಳಿಗೆ ನೂರರಂತೆ ಕೊಡಬೇಕು, ಒಂದು ಕಂತೂ ತಪ್ಪಿಸಬಾರದು ಎಂದು ಕರಾರು ಹಾಕಿದರು. ನಾಲ್ವತ್ತು ಹಾಳೆಯ ನೋಟುಬುಕ್ಕಿನಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿಸಿಕೊಂಡರು. ಅದರಲ್ಲಿ ನನಗಿಂತ ಮೊದಲು ಬೇರೆ ಎರಡು ಹೆಸರುಗಳಿದ್ದವು.

ಹೊಲ ಒತ್ತಿ ಬೀಳಲಿಲ್ಲ. ಅಕ್ಕನ ಮದುವೆಯಾಯಿತು. ನಾನು ಬಿ.ಎಡ್. ಮುಗಿಸಿ, ನೌಕರಿ ಸಿಕ್ಕ ಮೊದಲ ಪಗಾರದಿಂದಲೇ ಕಂತು ಆರಂಭಿಸಿದೆ. ಹದಿನೆಂಟನೆಯ ಕಂತು ಕೊಡಲು ಹೋದ ದಿನ ಸರ್ ನೋಟುಬುಕ್ಕು ತೆಗೆದು ತೋರಿಸಿದರು. ನನ್ನ ಹೆಸರಿನ ಕೆಳಗೆ ಮತ್ತೊಂದು ಹೆಸರು ಆಗಲೇ ಬಂದಿತ್ತು. ನಾನು ಕೊಡುತ್ತಿದ್ದ ನೂರು ರೂಪಾಯಿ ನಮ್ಮ ಶಾಲೆಯಲ್ಲಿಯೇ ಕಲಿತ ಇನ್ನೊಬ್ಬ ಹುಡುಗನ ಫೀ ಆಗಿ ಹೋಗುತ್ತಿತ್ತು. ಅವನು ಯಾವ ಸಮಾಜದವನೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಲಿಂಗರಾಜರು ತಮ್ಮ ಆಸ್ತಿಯನ್ನು ಒಂದು ಸಮಾಜದ ಮಕ್ಕಳಿಗೆ ಮಾತ್ರ ಬಿಟ್ಟರಲ್ಲ ಎಂದು ಇಂದಿನ ಹುಡುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾನೂ ಕೇಳಿಕೊಂಡಿದ್ದೇನೆ. ಆ ಕಾಲದಲ್ಲಿ ಎಲ್ಲ ಸಮಾಜಗಳೂ ತಮ್ಮ ತಮ್ಮ ಮಕ್ಕಳಿಗಾಗಿ ವಸತಿಗೃಹ, ನಿಧಿ, ಸಂಘ ಕಟ್ಟಿಕೊಳ್ಳುತ್ತಿದ್ದವು. ಎಲ್ಲರಿಗೂ ತೆರೆದ ಸರ್ಕಾರಿ ಪ್ರೌಢಶಾಲೆ ಹಳ್ಳಿಗೆ ಬರಲು ಇನ್ನೂ ಬಹಳ ಕಾಲ ಹೋಗಬೇಕಿತ್ತು. ಅವರು ತಮ್ಮ ಕಾಲಕ್ಕೆ ತಿಳಿದಷ್ಟು ಮಾಡಿದರು, ತಮ್ಮದೆನ್ನುವುದನ್ನೆಲ್ಲ ಕೊಟ್ಟು ಮಾಡಿದರು. ಆ ದೀಪದಿಂದ ಹಚ್ಚಿಕೊಂಡವರೊಬ್ಬರು ಅದನ್ನು ನಮ್ಮ ಮನೆಯ ಹೊಸ್ತಿಲಿಗೂ ತಂದಿಟ್ಟರು. ಮರಣಪತ್ರದಲ್ಲಿ ಬರೆಯದಿದ್ದ ಸಾಲನ್ನು ನಮ್ಮ ಸರ್ ತಮ್ಮ ನೋಟುಬುಕ್ಕಿನಲ್ಲಿ ಬರೆದರು. ಇದರಿಂದ ಲಿಂಗರಾಜರ ಹಿರಿಮೆ ನನ್ನ ಮಟ್ಟಿಗೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆ ಸರ್ ತೀರಿಕೊಂಡ ಮೇಲೆ ನಾನೂ ಅದೇ ರೀತಿ ಮೂವರು ವಿದ್ಯಾರ್ಥಿಗಳಿಗೆ ಬಿ.ಎಡ್.ಗೆ ಸಾಲ ಕೊಟ್ಟೆ. ಇಬ್ಬರು ಪೂರ್ತಿ ತೀರಿಸಿದರು. ಒಬ್ಬನಿಂದ ಹಣ ಮರಳಲಿಲ್ಲ. ಅವನಿಗೆ ಅವನ ತೊಂದರೆಗಳಿದ್ದವು, ನಾನೂ ಕೇಳುವುದನ್ನು ಬಿಟ್ಟೆ. ಆದರೆ ಆ ಹಣ ಬಾರದೆ ಇದ್ದದ್ದರಿಂದ ನಾಲ್ಕನೆಯವಳಾಗಿ ಬಂದ ಒಬ್ಬ ಹುಡುಗಿಗೆ ನಾನು ಇಲ್ಲವೆನ್ನಬೇಕಾಯಿತು. ಆಗ ನನ್ನ ಮಗನ ಓದಿನ ಖರ್ಚು ಎದುರಿಗಿತ್ತು. ಆ ಹುಡುಗಿ ಬಿ.ಎಡ್. ಮಾಡಲಿಲ್ಲ. ಈಗ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಎದುರಾದಾಗ ಸರ್ ಎಂದು ನಗುತ್ತಲೇ ಮಾತಾಡಿಸುತ್ತಾಳೆ. ಆ ನಗು ನೋಡಿದಾಗಲೆಲ್ಲ ಲಿಂಗರಾಜರು ಯಾಕೆ ಕಾಗದ ಮಾಡಿ, ಟ್ರಸ್ಟಿಗೆ ಒಪ್ಪಿಸಿ ಹೋದರೆಂಬುದು ನನಗೆ ಹೊಳೆಯುತ್ತದೆ. ಒಬ್ಬನ ಒಳ್ಳೆಯತನ ಅವನ ಮನೆಯ ಅಡಚಣೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಬ್ಬ ತೀರಿಸದಿದ್ದರೆ ಮತ್ತೊಬ್ಬನ ಬಾಗಿಲು ಮುಚ್ಚುತ್ತದೆ. ಹತ್ತು ಜನ ಕೂಡಿ, ಕಾಗದದ ಮೇಲೆ ನಿಯಮ ಬರೆದು ನಡೆಸಿದರೆ ಒಂದು ಕಂತು ತಪ್ಪಿದರೂ ಬಾಗಿಲು ತೆರೆದೇ ಇರುತ್ತದೆ.

ನಾನು ಓದುವಾಗ ಬಿ.ಎಡ್. ಒಂದು ವರ್ಷದ್ದು. 2015ರಿಂದ ಅದು ಎರಡು ವರ್ಷದ್ದಾಗಿದೆ. ತರಬೇತಿ ಗಟ್ಟಿಯಾಗಲೆಂದು ಮಾಡಿದ ಬದಲಾವಣೆ ಅದು, ತಪ್ಪೆನ್ನುವುದಿಲ್ಲ. ಆದರೆ ಬಡವರ ಮನೆಯಲ್ಲಿ ಅದರ ಲೆಕ್ಕ ಬೇರೆ. ಎರಡು ವರ್ಷದ ಫೀ ಒಂದು ಕಡೆ, ಇಪ್ಪತ್ತೊಂದು ದಾಟಿದ ಮಗ ಅಥವಾ ಮಗಳು ಎರಡು ವರ್ಷ ದುಡಿದು ತರದೆ ಇರುವುದು ಇನ್ನೊಂದು ಕಡೆ. ಸರ್ಕಾರದ ವಿದ್ಯಾರ್ಥಿವೇತನಗಳಿವೆ, ಸರ್ಕಾರಿ ಕೋಟಾದ ಸೀಟುಗಳಿವೆ, ಬ್ಯಾಂಕಿನ ಶಿಕ್ಷಣ ಸಾಲವಿದೆ. ಅವುಗಳನ್ನು ನಮ್ಮ ಮಕ್ಕಳು ಬಿಡಬಾರದು. ಆದರೆ ವಿದ್ಯಾರ್ಥಿವೇತನ ಕೈಗೆ ಬರುವ ಮೊದಲೇ ಫೀ ಕಟ್ಟುವ ಕೊನೆಯ ದಿನ ಬಂದುಬಿಡುತ್ತದೆ. ಆ ನಡುವಿನ ಎರಡು ಮೂರು ತಿಂಗಳು ದಾಟಿಸುವವರು ಇಲ್ಲದೆ ಸೀಟು ಬಿಟ್ಟವರನ್ನು ನಾನು ನನ್ನ ಸೇವೆಯಲ್ಲಿ ಬಹಳ ಕಂಡಿದ್ದೇನೆ. ಡಾಕ್ಟರು, ಇಂಜಿನಿಯರು ಆಗುವವರಿಗೆ ಸಾಲ ಕೊಡಲು ನೆಂಟರೂ ಮುಂದೆ ಬರುತ್ತಾರೆ. ಮಾಸ್ತರನಾಗುವವನಿಗೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಹೀಗಾಗಿ ಬಡವರ ಮನೆಯ ಜಾಣ ಮಕ್ಕಳು ಶಿಕ್ಷಕರಾಗುವುದು ಕಡಿಮೆಯಾದರೆ ಅದರ ನಷ್ಟ ಬಡವರ ಮಕ್ಕಳಿಗೇ.

ಈ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕಮಾನು ಕಟ್ಟಿಸುವವರಿದ್ದಾರೆ, ಬೆಂಚು ಕೊಡಿಸುವವರಿದ್ದಾರೆ, ಅವರಿಗೆ ನಮಸ್ಕಾರ. ಅದರ ಜೊತೆಗೆ ಒಂದು ಚಿಕ್ಕ ನಿಧಿ ಮಾಡೋಣ. ಈ ಶಾಲೆಯಲ್ಲಿ ಕಲಿತು ಪದವಿ ಮುಗಿಸಿ ಬಿ.ಎಡ್. ಸೀಟು ಪಡೆದ ಮಗ ಅಥವಾ ಮಗಳಿಗೆ, ಜಾತಿ ಧರ್ಮ ಕೇಳದೆ, ಬಡ್ಡಿಯಿಲ್ಲದ ಸಾಲ. ನೌಕರಿ ಸಿಕ್ಕ ಮೇಲೆ ಕಂತಿನಲ್ಲಿ ವಾಪಸು. ಲೆಕ್ಕ ಬ್ಯಾಂಕಿನಲ್ಲಿರಲಿ, ನಿಯಮ ಕಾಗದದ ಮೇಲಿರಲಿ, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಿ ಹೇಳುವಂತಾಗಲಿ. ವರ್ಷಕ್ಕೆ ಒಬ್ಬರಿಗಾದರೂ ಸಾಕು. ಐವತ್ತು ವರ್ಷದಲ್ಲಿ ಐವತ್ತು ಮಾಸ್ತರರು, ಅಕ್ಕೋರುಗಳು ಆಗುತ್ತಾರೆ. ಅವರೊಬ್ಬೊಬ್ಬರೂ ಸಾವಿರಾರು ಮಕ್ಕಳಿಗೆ ಪಾಠ ಹೇಳುತ್ತಾರೆ. ನಮ್ಮಲ್ಲಿ ಯಾರಿಗೂ ದೇಸಗತಿಯಿಲ್ಲ. ಆದರೆ ತಿಂಗಳಿಗೆ ನೂರಿನ್ನೂರು ರೂಪಾಯಿ ಕೊಡುವ ಶಕ್ತಿ ಬಹಳ ಜನರಿಗೆ ಇದೆ.

ನನ್ನ ಸರ್ ಅವರ ಮನೆಯವರು ಆ ನಾಲ್ವತ್ತು ಹಾಳೆಯ ನೋಟುಬುಕ್ಕನ್ನು ನನಗೆ ಕೊಟ್ಟಿದ್ದಾರೆ. ಅದರಲ್ಲಿ ಒಟ್ಟು ಏಳು ಹೆಸರುಗಳಿವೆ. ಬಹಳಷ್ಟು ಹಾಳೆಗಳು ಖಾಲಿ ಇವೆ. ನಿಧಿಯ ಕೆಲಸ ಆರಂಭವಾಗುವ ದಿನ ಅದನ್ನು ಶಾಲೆಗೆ ಒಪ್ಪಿಸುತ್ತೇನೆ, ಜೊತೆಗೆ 1800 ರೂಪಾಯಿಯ ಮೊದಲ ವಂತಿಗೆಯನ್ನೂ. ಹಾಗೆಯೇ ಮುಂದಿನ ವರ್ಷದ ಶೈಕ್ಷಣಿಕ ಪ್ರವಾಸ ಹೊರಡುವಾಗ ಮಕ್ಕಳನ್ನು ದೂರದ ಊರಿಗೆ ಕರೆದೊಯ್ಯುವ ಮೊದಲು ಒಮ್ಮೆ ಶಿಗ್ಲಿಗೆ ಕರೆದುಕೊಂಡು ಹೋಗಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಮಗ್ಗದ ಸಪ್ಪಳದ ಆ ಊರಲ್ಲಿ ರಾಮಪ್ಪನೆಂಬ ಹುಡುಗ ಹುಟ್ಟಿದ್ದನೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ.